ಅಕ್ಕನ ರಕ್ತ, ತಮ್ಮನ ಮಾತ್ರೆ

ಎರಡೂ ರಿಪೋರ್ಟು ಓದಿದ ಡಾಕ್ಟರಮ್ಮ ಹೆಸರುಗಳನ್ನು ಇನ್ನೊಮ್ಮೆ ನೋಡಿದರು. "ಅದಲುಬದಲು ಆಗಿಲ್ಲ ತಾನೇ?"

ಅಕ್ಕ ಕುರ್ಚಿಯ ಅಂಚಿಗೆ ಸರಿದಳು. ಬೇಕರಿ ನಡೆಸುವ ಅವಳ ನಡಿಗೆಯೆಲ್ಲ ಒಲೆಯಿಂದ ಗಲ್ಲಾದವರೆಗೆ ಮಾತ್ರ. ತಮ್ಮ ಶಾಲೆಯ ಡ್ರಿಲ್ ಮೇಷ್ಟ್ರು. ಈಗಲೂ ಸುಮ್ಮನೆ ಕೂರಲಾರದೆ ಹೊರಗೆ ಕಾರಿಡಾರಿನಲ್ಲಿ ಬಸ್ಕಿ ಹೊಡೆಯುತ್ತಿದ್ದ.

"ನನ್ನದೇ ಕೆಟ್ಟಿದೆ, ಅಲ್ವಾ?"

"ಇಲ್ಲಮ್ಮ. ರಕ್ತನಾಳ ಕಟ್ಟಿಕೊಳ್ತಿರೋದು ನಿಮ್ಮ ತಮ್ಮನಿಗೆ. ಕಾಯಿಲೆ ಬರದಿದ್ರೂ, ಲಸಿಕೆ ಹಾಕದಿದ್ರೂ, ರಕ್ತದಲ್ಲಿ ತಾವಾಗೇ ಒಂದಿಷ್ಟು ಪ್ರತಿಕಾಯಗಳಿರ್ತವೆ. ಕೆಟ್ಟ ಕೊಬ್ಬು ನಾಳದ ಗೋಡೆಗೆ ಅಂಟದ ಹಾಗೆ ಅವೂ ಕೈ ಜೋಡಿಸ್ತವೆ ಅಂತ ನಮ್ಮ ಅಂದಾಜು. ನಿಮಗೆ ಧಾರಾಳವಾಗಿವೆ. ಅವರಿಗೆ ತೀರಾ ಕಮ್ಮಿ."

"ಒಂದೇ ಹೊಟ್ಟೇಲಿ ಹುಟ್ಟಿದೋರು ನಾವು!" ಅವನ ಪಾಲನ್ನೂ ತಾನೇ ಕಬಳಿಸಿ ಬಂದವಳಂತೆ ಅಕ್ಕ ಮುದುಡಿಕೊಂಡಳು.

"ಹಾಗಂತ ನೀವು ಮೆರೀಬೇಡಿ, ಅದೊಂದೇ ಕಾಪಾಡಲ್ಲ. ಅವರಂತೂ ಮಾತ್ರೆ ತಗೊಳ್ಳಲೇಬೇಕು. ಹೋದ ಸಲ ಬರೀ ಜ್ವರಕ್ಕೆ ಬರೆದುಕೊಟ್ಟಿದ್ದಕ್ಕೇ, ಮಾತ್ರೆ ಇರೋದು ಸೋಮಾರಿಗಳಿಗೆ ಅಂತ ನನಗೇ ಪಾಠ ಮಾಡಿದ್ರು."

"ನುಂಗಿಸೋದು ನನಗೆ ಬಿಡಿ."

ಹೊರಗೆ ಬಂದವಳೇ ಇಲ್ಲದ ಕಣ್ಣೀರು ಒರೆಸಿಕೊಂಡಳು. "ನನ್ನ ನಾಳ ಕಟ್ತಾ ಇದೆಯಂತೆ ಕಣೋ. ದಿನಾ ಮಾತ್ರೆಯಂತೆ. ಒಬ್ಬಳೇ ನುಂಗೋಕೆ ನನ್ನ ಕೈಲಾಗಲ್ಲಪ್ಪ. ನೀನೂ ಜೊತೆಗೆ ನುಂಗಿದ್ರೆ ಒಳ್ಳೇದೇ ಅಂದ್ರು."

ತಮ್ಮ ಎದೆ ಸೆಟೆಸಿದ. "ಬಾಯಿ ಕಟ್ಟು ಅಂತ ಬಡ್ಕೊಂಡೆ, ಕೇಳಿದ್ಯಾ? ಸರಿ, ನಿನಗೋಸ್ಕರ ನುಂಗ್ತೀನಿ. ಆದ್ರೆ ಇವತ್ತಿಂದ ನಿನ್ನ ಬೆಣ್ಣೆ ಬಿಸ್ಕತ್ತು ಬಂದ್!"

ಅವನಿಗೆ ಅಸಲಿ ಮಾತ್ರೆ, ಅವಳಿಗೆ ಅದೇ ಗಾತ್ರದ ಪೆಪ್ಪರಮಿಂಟು. ದಿನಾ ಊಟವಾದ ಮೇಲೆ ಅವನು ಒಂದು, ಎರಡು, ಮೂರು ಎಂದು ಎಣಿಸುತ್ತಿದ್ದ. ಇಬ್ಬರೂ ಒಟ್ಟಿಗೆ ನುಂಗುತ್ತಿದ್ದರು.

ಮೂರು ತಿಂಗಳ ಮೇಲೆ ಮರುಪರೀಕ್ಷೆ. ತಮ್ಮ ಮೊದಲು ಒಳಗೆ ಹೋದ. ಗುಟ್ಟು ಎಲ್ಲಿ ರಟ್ಟಾಗುವುದೋ ಎಂದು ಅಕ್ಕ ಬಾಗಿಲಿಗೆ ಕಿವಿಗೊಟ್ಟಳು.

"ನೀವು ಮಾತ್ರೆ ಬರೆದುಕೊಟ್ಟ ಚೀಟಿ ಮೇಲೆ ನನ್ನ ಹೆಸರಿತ್ತಲ್ಲ ಡಾಕ್ಟ್ರೇ, ಅವತ್ತೇ ಓದಿದ್ದೆ," ತಮ್ಮ ಪಿಸುಗುಟ್ಟುತ್ತಿದ್ದ. "ಅಕ್ಕನಿಗೆ ಹೇಳಬೇಡಿ. ನನಗೆ ಗೊತ್ತು ಅಂತ ತಿಳಿದ್ರೆ ಬಿಸ್ಕತ್ತು ಮತ್ತೆ ಶುರು ಮಾಡ್ತಾಳೆ. ಮೂರು ತಿಂಗಳಿಂದ ಒಂದೂ ಮುಟ್ಟಿಲ್ಲ, ಪಾಪ."

ಬಾಗಿಲಾಚೆ ಅಕ್ಕನ ದವಡೆ ಗಕ್ಕನೆ ನಿಂತಿತು. ಆಮೇಲೆ, ಕರುಂ ಎಂದು ಸದ್ದಾಗದ ಹಾಗೆ, ಬಿಸ್ಕತ್ತನ್ನು ಬಾಯಲ್ಲೇ ನೆನೆಸಿ ನೆನೆಸಿ ನುಂಗಿದಳು.