ಪೂಜೆಗಿಟ್ಟ ಸರ್ವರ್

ಆಯುಧಪೂಜೆಗೆ ಸರ್ವರಿನ ಮುಂದೆ ಒಡೆಯಬೇಕಾದದ್ದು ಬೂದುಗುಂಬಳವೋ ತೆಂಗಿನಕಾಯಿಯೋ ಎಂಬ ಗಹನವಾದ ಪ್ರಶ್ನೆ ಕಂಪನಿಯ ಮುಂದಿತ್ತು. ಹೋಟೆಲುಗಳಿಗೆಂದು ಕಂಪನಿ ಮಾಡಿದ್ದ ಬಿಲ್ಲಿಂಗ್ ಸಾಫ್ಟ್‌ವೇರ್ ಗಳಿಗೆಗೊಮ್ಮೆ ಕೈಕೊಡುತ್ತಿತ್ತು. ಕಂಪನಿಯನ್ನು ಕೊಳ್ಳಬೇಕಿದ್ದವರು ಅದೇ ದಿನ ಬಂದುಬಿಟ್ಟರು. ಅವರು ಬೇಡವೆಂದರೆ ಬಾಗಿಲು ಮುಚ್ಚುವುದೇ ಗತಿ.

“ಎಲ್ಲಿ, ಒಂದ್ಸಲ ಓಡಿಸಿ ತೋರಿಸಿ.”

ಮಾಲೀಕರು ಬೆವರು ಒರೆಸಿಕೊಂಡರು. “ಪೂಜೆಗಿಟ್ಟಿದ್ದು ಸಾರ್, ಇವತ್ತು ಮುಟ್ಟಂಗಿಲ್ಲ. ಬೆಳಿಗ್ಗೆಯಿಂದ ಸರ್ವರ್ರೇ ಆಫ್ ಮಾಡಿದೀವಿ.”

ಬಂದವರು ಸರ್ವರ್‌ಗೆ ಕೈಮುಗಿದರು. “ಒಳ್ಳೇ ಸಂಪ್ರದಾಯ. ಆದ್ರೆ ಊರಿನ ಹೋಟೆಲೆಲ್ಲ ಇದರಲ್ಲೇ ಬಿಲ್ ಹಾಕೋದು ಅಂದಿದ್ರಿ. ಹಬ್ಬದ ದಿನ, ಅವರೆಲ್ಲ ಬೈತಿರಬೇಕಲ್ಲ?”

ಮಾಲೀಕರಿಗೆ ಹೋದ ಜೀವ ಬಂದಂತಾಯಿತು. “ಅಯ್ಯೋ, ಎಲ್ಲಿ ಸಾರ್. ಇಷ್ಟೊತ್ತಾದ್ರೂ ಒಬ್ಬರೂ ಫೋನೇ ಮಾಡಿಲ್ಲ.”

ಬಂದವರು ಪ್ರಸಾದ ತೆಗೆದುಕೊಂಡು ಹೊರಟರು. ಕಂಪನಿ ಮಾರಾಟವಾಗಲಿಲ್ಲ.