ಸಣ್ಣಪ್ಪನ ಮೂಲೆ

ಬಾಗಿಲು ಅಗಲಿಸಲು ಬಂದ ಬಡಗಿ ಮೋನಾಚಾರಿ ಗೋಡೆ ತಟ್ಟಿ ನೋಡಿ, ಉಳಿಯನ್ನು ಮತ್ತೆ ಚೀಲಕ್ಕೆ ಹಾಕಿದ.

"ಇನ್ನೂ ಒಡೆದ್ರೆ ಗೋಡೆನೇ ಕುಸೀತದೆ ಕಣಕ್ಕ. ನಿನ್ ತಮ್ಮ ತೆವಳ್ಕೊಂಡು ಬರೋದಾದ್ರೆ ಇವತ್ತೇ ಬರ್ಲಿ. ಮುಂದಿನ ತಿಂಗ್ಳು ಭುಜ ಸಿಕ್ಕೊಳ್ತದೆ."

ಜವರಮ್ಮನ ತಮ್ಮ ಸಣ್ಣಪ್ಪನಿಗೆ ನಲವತ್ತು ದಾಟಿದ್ದರೂ ಬುದ್ಧಿ ಕೂಸಿನದು. ಅಂಥವರ ಮೈ ತೂಗಾಡಿದಷ್ಟೂ ಬೆಳೆಯುತ್ತದೆಂಬುದು ಊರಿಗೆಲ್ಲ ಗೊತ್ತಿದ್ದದ್ದೇ. ಅದಕ್ಕೇ ಅಂಥ ಮಕ್ಕಳನ್ನು "ದೊಡ್ಡೋನಾಗಪ್ಪ" ಎಂದು ಯಾರೂ ಹರಸುತ್ತಿರಲಿಲ್ಲ. ಒಲೆಯ ಪಕ್ಕದ ಮೂಲೆಯಲ್ಲಿ ಹಿಂದಕ್ಕೂ ಮುಂದಕ್ಕೂ ತೂಗುತ್ತಿದ್ದ ಸಣ್ಣಪ್ಪನ ತಲೆ ಕೂತಲ್ಲೇ ಸೂರಿನ ಹೆಂಚಿಗೆ ತಾಗುತ್ತಿತ್ತು.

ಜವರಮ್ಮ ಬೆಲ್ಲದಚ್ಚು ತೋರಿಸಿ, "ಬಾ ನನ್ನಪ್ಪ, ಬಾ" ಎಂದು ಅವನನ್ನು ಹೇಗೋ ಅಂಗಳಕ್ಕೆ ಕರೆತಂದಳು. ಅಲ್ಲಿ ಅವನ ಮೂಲೆ ಇರಲಿಲ್ಲ. ತೂಗಾಟ ನಿಂತಿತು. ಬೆಲ್ಲ ಬಿಸಾಡಿ, ಬೀದಿಯವರೆಲ್ಲ ಹೊರಗೆ ಬರುವಂತೆ ಗೋಳಾಡಿದ.

"ತೂಗದಿದ್ರೆ ಬೆಳೆಯಾಕಿಲ್ಲ. ಇಲ್ಲೇ ಇರ್ಲಿ ಬುಡು, ಅತ್ತೂ ಅತ್ತೂ ಸುಮ್ಕಾಯ್ತಾನೆ" ಎಂದ ಮೋನಾಚಾರಿ.

ಅವನು ಸುಮ್ಮನಾಗಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಗಂಟಲು ಬಿದ್ದುಹೋಗಿ ಬಾಯಿ ಮಾತ್ರ ತೆರೆದಿತ್ತು. ಅದನ್ನು ನೋಡಲಾರದೆ, ಬಾಗಿಲಿಗೆ ಅಡ್ಡ ಕೂತಿದ್ದ ಜವರಮ್ಮ ಎದ್ದು ಸರಿದಳು. ಸಣ್ಣಪ್ಪ ಭುಜ ತರಚಿಕೊಂಡು ಒಳಗೆ ನುಸುಳಿ, ತನ್ನ ಮೂಲೆ ಸೇರಿ, ತೂಗುತ್ತ ನಕ್ಕ.

"ಆಚಾರ್ರೇ, ಹೆಂಚು ಇಳಿಸ್ಬುಡಿ."

"ಮಳೆಗಾಲ ಎದುರಿಗದೆ ಕಣಕ್ಕ!"

"ಗೊತ್ತು. ಅವನ ತಲೆ ಮೇಲಿನವನ್ನ ಮೊದ್ಲು ಇಳಿಸಿ."