ಕಸೇರಿತಾ

"ಏನಮ್ಮ ಇದು, ಪೊಲೀಸ್ ನೋಟೀಸೋ, ಸೊಪ್ಪಿನ ಅಂಗಡಿ ಬೋರ್ಡೋ?" ಮೇಜರ್ ಉರ್ಕಿಸೊ ಕಂಪ್ಯೂಟರ್ ಪರದೆಗೆ ಬೆರಳು ತೋರಿಸಿದರು. ನಕಲಿ ಇನ್ಸುಲಿನ್ ಮಾರುತ್ತಿದ್ದ ಜಾಲತಾಣವನ್ನು ಪೆರುವಿನ ಲಿಮಾ ಪೊಲೀಸರು ನಿನ್ನೆ ವಶಪಡಿಸಿಕೊಂಡಿದ್ದರು. ಅದರ ಮುಖಪುಟದಿಂದ ಕಂಪ್ಯೂಟರ್ ವಿಭಾಗದ ನಿಲ್ಡಾ ಈಗ ಇಲಾಖೆಯ ಲಾಂಛನವನ್ನೂ "ಎಚ್ಚರಿಕೆ" ಎಂಬ ಪದವನ್ನೂ ಅಳಿಸಿ, "ಕಸೇರಿತಾ" ಎಂದು ಬರೆದಿದ್ದಳು. ಸಂತೆಯಲ್ಲಿ ಮಾರುವವಳು ವಾಡಿಕೆಯ ಗಿರಾಕಿಯನ್ನು ಅಕ್ಕರೆಯಿಂದ ಕರೆಯುವ ಮಾತು ಅದು. ಕೆಳಗೆ ಒಂದೇ ಸಾಲು: "ಇಲ್ಲಿ ಕೊಂಡ ಔಷಧಿ ಚುಚ್ಚಿಕೊಳ್ಳಬೇಡಿ, ನಮಗೆ ಫೋನ್ ಮಾಡಿ."

"ಲಾಂಛನ ನೋಡ್ದೋರೆಲ್ಲ ಹೆದರಿ ಪುಟ ಮುಚ್ಚಿದಾರೆ ಮೇಜರ್. ನಿನ್ನೆಯಿಂದ ಒಬ್ರೂ ಫೋನ್ ಮಾಡಿಲ್ಲ. ಕಳ್ರು ಹಿಂಗೇ ಕರೆದು ಮಾರಿದ್ರು. ನಾವೂ ಹಿಂಗೇ ಕರೀಬೇಕು."

"ಇಲಾಖೆ ಮರ್ಯಾದೆ ಸಂತೆಗೆ ಬಂತು" ಎಂದು ಅವರು ಗೊಣಗುತ್ತಿರುವಾಗಲೇ ಫೋನ್ ರಿಂಗಾಯಿತು. ನಿಲ್ಡಾ ಕೈಚಾಚುವ ಮೊದಲೇ ಎತ್ತಿಕೊಂಡು, "ಪೊಲೀಸ್ ಇಲಾಖೆ" ಅಂದರು. ಆ ಕಡೆ ವಯಸ್ಸಾದ ಹೆಂಗಸಿನ ನಡುಗುವ ದನಿ: "ಪೊಲೀಸರಾ? ನನ್ನ ಹಿಡ್ಕೊಂಡು ಹೋಗ್ತೀರಾ?"

ಮೇಜರ್ ಟೋಪಿ ತೆಗೆದು ಮೇಜಿನ ಮೇಲಿಟ್ಟರು. "ಇಲ್ಲ ಕಸೇರಿತಾ," ಅಂದರು, "ಮೊದಲು ಆ ಸೂಜಿ ಕೆಳಗಿಡಿ."